ಮಕಾರೋವ್ ಪಿಸ್ತೂಲಿಗೆ ಹೊಸ ಬಿಡಿಭಾಗ ಹಾಕಿದ ಮೇಲೆ ಕೈಕೊಟ್ಟರೆ: ದೋಷ ಹುಡುಕುವ ಕ್ರಮ

ಬಲ್ಗೇರಿಯಾದ ಕಜಾನ್ಲಕ್ ಕಾರ್ಖಾನೆಯ ಮಕಾರೋವ್ ಪಿಸ್ತೂಲು ಸೇನೆಯ ಹಳೆ ದಾಸ್ತಾನಿನಿಂದ ಅಮೆರಿಕದ ಅಂಗಡಿಗಳಿಗೆ ಅಗ್ಗದ ದರದಲ್ಲಿ ಬಂತು. ಫ್ರೇಮಿನ ಮೇಲೆ ಜೋಡಿ ವೃತ್ತದೊಳಗೆ 10 ಎಂಬ ಮುದ್ರೆ ಕಂಡರೆ ಅದೇ. ಉದ್ದ 161 ಮಿ.ಮೀ., ತೂಕ 730 ಗ್ರಾಂ, ಮ್ಯಾಗಜೀನಿನಲ್ಲಿ 8 ತೋಟಾ. ವಿನ್ಯಾಸ ಸೋವಿಯತ್ ಒಕ್ಕೂಟದ್ದು, ಅಲ್ಲಿನ ಸೇನೆ ಇದನ್ನು 1951ರಲ್ಲಿ ಒಪ್ಪಿಕೊಂಡಿತು. ದುಬಾರಿ ಪಿಸ್ತೂಲಿಗೆ ಕೈ ಹಾಕಲು ಹೆದರುವವರೂ ಇದಕ್ಕೆ ಹೊಸ ಹಿಡಿ, ಹಗುರ ಸ್ಪ್ರಿಂಗ್, ಹೊಸ ಬಣ್ಣ ಎಂದು ಶುರುಮಾಡುತ್ತಾರೆ. ತೊಂದರೆಯೂ ಅಲ್ಲಿಂದಲೇ ಶುರು.

ಈ ಪಿಸ್ತೂಲಿನಲ್ಲಿ ಬಿಡಿಭಾಗಗಳು ತೀರ ಕಡಿಮೆ. ಹಾಗಾಗಿ ಒಂದೊಂದು ಭಾಗಕ್ಕೂ ಎರಡು ಮೂರು ಕೆಲಸ. ಹಿಡಿಯ ಹಿಂಬದಿಯಲ್ಲಿ ಕೂತಿರುವ ಚಪ್ಪಟೆ ಸ್ಪ್ರಿಂಗನ್ನೇ ನೋಡಿ. ಅದರ ಅಗಲ ಪಟ್ಟಿ ಹ್ಯಾಮರನ್ನು (ಹಿಂಬದಿಯ ಪುಟ್ಟ ಸುತ್ತಿಗೆ) ಬೀಸುತ್ತದೆ. ಬೀಸಿದ ನಂತರ ಅದೇ ಪಟ್ಟಿಯ ಬಾಗಿದ ತುದಿ ಹ್ಯಾಮರನ್ನು ಕೂದಲೆಳೆಯಷ್ಟು ಹಿಂದಕ್ಕೆ ಎತ್ತಿ ಹಿಡಿಯುತ್ತದೆ. ಪಕ್ಕದ ಕಿರಿದಾದ ಪಟ್ಟಿ ಟ್ರಿಗರನ್ನು ಮುಂದಕ್ಕೆ ಮರಳಿಸುತ್ತದೆ. ಕೆಳತುದಿ ಮ್ಯಾಗಜೀನನ್ನು ಕಚ್ಚಿ ಹಿಡಿಯುತ್ತದೆ. ಇದೊಂದನ್ನು ಬದಲಿಸಿದವರು ನಾಲ್ಕು ಕಡೆ ಕೈ ಹಾಕಿದಂತಾಯಿತು. ಟ್ರಿಗರ್ ಹಗುರಾಗಲಿ ಎಂದು ಮಾಡಿದ ಕೆಲಸಕ್ಕೆ ಮ್ಯಾಗಜೀನ್ ಕಳಚಿ ಬೀಳುವುದು ಈ ಲೆಕ್ಕದಲ್ಲಿ ಆಶ್ಚರ್ಯವೇನಲ್ಲ. ದೋಷ ಕಂಡ ಜಾಗವನ್ನಷ್ಟೇ ನೋಡದೆ, ಕೊನೆಯಲ್ಲಿ ಮುಟ್ಟಿದ ಭಾಗ ಮತ್ತೇನು ಕೆಲಸ ಮಾಡುತ್ತಿತ್ತು ಎಂದು ಕೇಳಿಕೊಳ್ಳಿ.

ಕಾನೂನಿನ ಮಾತು ಮೊದಲೇ ಆಗಲಿ. ಇಲ್ಲಿ ಬರೆದಿರುವುದು ಅಮೆರಿಕದಲ್ಲಿ ಕಾನೂನುಬದ್ಧವಾಗಿ ಪಿಸ್ತೂಲು ಇಟ್ಟುಕೊಂಡಿರುವ ಕನ್ನಡಿಗರಿಗೆ. ಅಲ್ಲೂ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಊರಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಭಾರತದಲ್ಲಿ ಇದರಂಥ 9 ಎಂಎಂ ಪಿಸ್ತೂಲು ನಿಷಿದ್ಧ ಬೋರಿನ (ನಳಿಗೆಯ ಅಳತೆಯ) ಪಟ್ಟಿಯಲ್ಲಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕಿನ ರಿಪೇರಿಗೂ ಪರವಾನಗಿ ಬೇಕು. ಇಟ್ಟುಕೊಳ್ಳಲು ಲೈಸೆನ್ಸ್ ಇದೆ ಎಂದರೆ ಬಿಚ್ಚಿ ಕೂರಲು ಅನುಮತಿ ಇದೆ ಎಂದಲ್ಲ.

ಮೇಜಿಗೆ ಇಡುವ ಮುನ್ನ

ಮ್ಯಾಗಜೀನ್ ತೆಗೆಯಿರಿ. ಆಮೇಲೆ ಸ್ಲೈಡ್ (ಮೇಲಿನ ಜಾರುವ ಭಾಗ) ಹಿಂದಕ್ಕೆಳೆದು ನಳಿಗೆಯಲ್ಲಿ ತೋಟಾ ಕೂರುವ ಕೋಣೆಯನ್ನು ಕಣ್ಣಿನಿಂದ ನೋಡಿ, ಕಿರುಬೆರಳಿನಿಂದ ಮುಟ್ಟಿ ನೋಡಿ. ಕ್ರಮ ತಿರುಗಿಸಿದರೆ ಸ್ಲೈಡ್ ಮುಂದೆ ಹೋಗುವಾಗ ಇನ್ನೊಂದು ತೋಟಾ ಒಳಗೆ ಸೇರಿರುತ್ತದೆ. ನೀವು ಕೆಲಸಕ್ಕೆ ಕೂತ ಕೊಠಡಿಯಲ್ಲಿ ತೋಟಾ ಡಬ್ಬಿಯೇ ಇರಬಾರದು. ಮೇಜಿನ ಪರೀಕ್ಷೆಗೆಲ್ಲ ಪ್ಲಾಸ್ಟಿಕ್ಕಿನ ಡಮ್ಮಿ ತೋಟಾ ಸಾಕು.

ತೆಗೆದ ಮೂಲ ಬಿಡಿಭಾಗಗಳನ್ನು ಚೀಟಿ ಅಂಟಿಸಿ ಒಂದು ಡಬ್ಬಿಯಲ್ಲಿಡಿ. ಇದಕ್ಕಿಂತ ಒಳ್ಳೆಯ ಪರೀಕ್ಷಾ ಉಪಕರಣ ಇಲ್ಲ. ದೋಷ ಬಂದಾಗ ಮೂಲ ಭಾಗಗಳನ್ನು ಒಂದೊಂದಾಗಿ ವಾಪಸ್ ಹಾಕುತ್ತ ಬನ್ನಿ. ಯಾವುದನ್ನು ಹಾಕಿದಾಗ ದೋಷ ಹೋಯಿತೋ ಅದರ ಜಾಗದಲ್ಲಿದ್ದ ಹೊಸ ಭಾಗವೇ ಕಳ್ಳ. ಒಂದೇ ಸಂಜೆ ಹಿಡಿ, ಎರಡು ಸ್ಪ್ರಿಂಗ್, ಬಣ್ಣ ಎಲ್ಲ ಬದಲಿಸಿದವರಿಗೆ ಈ ದಾರಿ ಉದ್ದವಾಗುತ್ತದೆ, ಆದರೂ ಬೇರೆ ದಾರಿ ಇಲ್ಲ.

ಪೆನ್ಸಿಲ್ ಪರೀಕ್ಷೆ

ಯಾವ ದೋಷವೇ ಇರಲಿ, ಮೊದಲು ಈ ಪರೀಕ್ಷೆಗಳು. ಇದರಲ್ಲಿ ಸೋತ ಪಿಸ್ತೂಲಿಗೆ ತೋಟಾ ತುಂಬುವ ಮಾತೇ ಇಲ್ಲ.

ಖಾಲಿ ಪಿಸ್ತೂಲಿನ ನಳಿಗೆಯನ್ನು ಮೇಲ್ಮುಖ ಮಾಡಿ, ಒಂದು ಪೆನ್ಸಿಲನ್ನು ರಬ್ಬರ್ ತುದಿ ಕೆಳಗೆ ಬರುವಂತೆ ಒಳಗೆ ಬಿಡಿ. ರಬ್ಬರು ಹೋಗಿ ಫೈರಿಂಗ್ ಪಿನ್ (ತೋಟಾಕ್ಕೆ ಚುಚ್ಚಿ ಸಿಡಿಸುವ ಕಡ್ಡಿ) ಮುಂದೆ ಕೂರುತ್ತದೆ. ಹ್ಯಾಮರ್ ಎಳೆದು ನಿಲ್ಲಿಸಿ, ಸೇಫ್ಟಿಯನ್ನು ಮೇಲಕ್ಕೆ ತಳ್ಳಿ. ಮಕಾರೋವಿನಲ್ಲಿ ಸೇಫ್ಟಿ ಮೇಲೆ ಹೋದಾಗ ಹ್ಯಾಮರ್ ತಾನೇ ಬೀಳುತ್ತದೆ, ಆದರೆ ಪಿನ್ನಿಗೆ ತಾಗದಂತೆ ಸೇಫ್ಟಿಯ ಅಡ್ಡೆ ಅದನ್ನು ತಡೆಯುತ್ತದೆ. ಪೆನ್ಸಿಲ್ ಅಲುಗಲೂಬಾರದು. ಒಂದಿಷ್ಟು ಜಿಗಿದರೂ ಅಡ್ಡೆ ಕೆಲಸ ಮಾಡುತ್ತಿಲ್ಲ ಎಂದರ್ಥ. ಹೊಸ ಬಣ್ಣ ಹೊಡೆದ ಪಿಸ್ತೂಲಿನಲ್ಲಿ ಸೇಫ್ಟಿ ಪೂರ್ತಿ ಮೇಲೇರದೆ ನಡುವೆ ನಿಲ್ಲುವುದುಂಟು, ಮೊದಲು ಅಲ್ಲಿ ನೋಡಿ. ನಂತರ ಸೇಫ್ಟಿ ಕೆಳಗಿಳಿಸಿ, ಹ್ಯಾಮರ್ ಎಳೆದು ಟ್ರಿಗರ್ ಒತ್ತಿ. ಈಗ ಪೆನ್ಸಿಲ್ ನಳಿಗೆಯಿಂದ ಹಾರಿ ಹೊರಗೆ ಬರಬೇಕು. ಎಷ್ಟು ಎತ್ತರ ಹಾರಿತು ಎಂದು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯದು: ಹ್ಯಾಮರ್ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಹಿಂದಿನಿಂದ ಗಟ್ಟಿಯಾಗಿ ಮುಂದಕ್ಕೆ ಒತ್ತಿ. ಬೀಳಬಾರದು. ಬಿದ್ದರೆ ಯಾರೋ ಸಿಯರ್ (ಎಳೆದ ಹ್ಯಾಮರನ್ನು ತಡೆದು ಹಿಡಿಯುವ ತುಂಡು) ಅಥವಾ ಹ್ಯಾಮರಿನ ಕಚ್ಚನ್ನು ಉಜ್ಜಿದ್ದಾರೆ. ಆ ಎರಡು ಮುಖಗಳಿಗೆ ಎಮರಿ ಪೇಪರ್ ತಾಗಿಸುವುದು ಹವ್ಯಾಸಿಗಳ ಕೆಲಸವಲ್ಲ. ಅಲ್ಲಿ ಹೋದ ಲೋಹ ವಾಪಸ್ ಬರುವುದಿಲ್ಲ, ಹೊಸ ಸಿಯರ್, ಹೊಸ ಹ್ಯಾಮರ್ ಹಾಕಬೇಕು.

ಮೂರನೆಯದು: ಹ್ಯಾಮರ್ ಇಳಿದಿರುವಾಗ ಪಕ್ಕದಿಂದ ಬೆಳಕಿಗೆ ಹಿಡಿದು ನೋಡಿ. ಹ್ಯಾಮರಿಗೂ ಸ್ಲೈಡಿನ ಹಿಂಬದಿಗೂ ನಡುವೆ ಸಣ್ಣ ಸಂದು ಕಾಣಬೇಕು. ಸಂದಿಲ್ಲದಿದ್ದರೆ ಹ್ಯಾಮರ್ ಪಿನ್ನಿನ ಮೇಲೆಯೇ ಒರಗಿದೆ, ಕೆಳಗೆ ಬಿದ್ದರೆ ಸಿಡಿಯಬಹುದು. ಚಪ್ಪಟೆ ಸ್ಪ್ರಿಂಗನ್ನು ಇಕ್ಕಳದಿಂದ ಬಗ್ಗಿಸಿ ಹಗುರ ಮಾಡಿದವರಿಗೆ ಈ ದೋಷ ಮಾಮೂಲು.

ಟ್ರಿಗರ್ ಒತ್ತಿದರೂ ಕೇಪು ಸಿಡಿಯುತ್ತಿಲ್ಲ

ಅತಿ ಹೆಚ್ಚು ಬರುವ ದೂರು ಇದು. ಗುಂಡಿನ ಮೈದಾನದಲ್ಲಿ ಟಿಕ್ ಎಂದು ಸುಮ್ಮನಾದರೆ ನಳಿಗೆಯನ್ನು ಗುರಿಯತ್ತಲೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವ ತೋಟಾ ಇದ್ದೇ ಇರುತ್ತದೆ. ಆಮೇಲೆ ತೆಗೆದು ಕೇಪಿನ (ತೋಟಾದ ಬುಡದಲ್ಲಿ ಮೊದಲು ಸಿಡಿಯುವ ಪುಟ್ಟ ಬಟ್ಟಲು) ಮೇಲೆ ಪಿನ್ ಮಾಡಿದ ಗುಳಿ ನೋಡಿ. ಸರಿಯಾಗಿ ಸಿಡಿದ ಒಂದು ಖಾಲಿ ಕೇಸನ್ನು ಪಕ್ಕದಲ್ಲಿಟ್ಟು ಹೋಲಿಸಿ.

ಗುಳಿ ಅಷ್ಟೇ ಆಳವಿದ್ದೂ ಸಿಡಿದಿಲ್ಲವೆಂದರೆ ದೋಷ ತೋಟಾದ್ದು. ಬೇರೆ ಡಬ್ಬಿ ತೆರೆಯಿರಿ. ಗುಳಿ ತೇಲಿದಂತಿದ್ದರೆ ಪಿಸ್ತೂಲಿನ ಕಡೆ ಬನ್ನಿ.

ಈಗ ಒಂದು ಪ್ರಶ್ನೆ. ಹ್ಯಾಮರ್ ಮೊದಲೇ ಎಳೆದು ನಿಲ್ಲಿಸಿ ಹೊಡೆದರೆ ಸಿಡಿಯುತ್ತದೆ, ಟ್ರಿಗರಿನಿಂದಲೇ ಹ್ಯಾಮರ್ ಎತ್ತಿ ಬೀಳಿಸುವ ಉದ್ದ ಎಳೆತದಲ್ಲಿ ಮಾತ್ರ ಠುಸ್ ಎನ್ನುತ್ತದೆಯೆ? ಹಾಗಿದ್ದರೆ ಹಗುರ ಸ್ಪ್ರಿಂಗೇ ಕಾರಣ. ಉದ್ದ ಎಳೆತದಲ್ಲಿ ಹ್ಯಾಮರ್ ಪೂರ್ತಿ ಹಿಂದಕ್ಕೆ ಹೋಗುವ ಮೊದಲೇ ಜಾರಿ ಬೀಳುತ್ತದೆ. ಬೀಸಲು ಸಿಗುವ ದೂರ ಕಡಿಮೆ, ಹೊಡೆತವೂ ಕಡಿಮೆ. ಮೂಲ ಸ್ಪ್ರಿಂಗಿನಲ್ಲಿ ಈ ವ್ಯತ್ಯಾಸವನ್ನು ನುಂಗಿಕೊಳ್ಳುವಷ್ಟು ಮಿಗುತೆ ಇತ್ತು, ಹಗುರದ್ದರಲ್ಲಿ ಇಲ್ಲ. ಎರಡೂ ರೀತಿಯಲ್ಲಿ ಕೈಕೊಟ್ಟರೆ ಸ್ಪ್ರಿಂಗಿನ ಮೇಲೆ ತಪ್ಪು ಹೊರಿಸುವ ಮುನ್ನ ಫೈರಿಂಗ್ ಪಿನ್ನಿನ ದಾರಿ ನೋಡಿ.

ಮಕಾರೋವಿನ ಫೈರಿಂಗ್ ಪಿನ್ನಿಗೆ ಸ್ಪ್ರಿಂಗ್ ಇಲ್ಲ. ಮೂರು ಮೂಲೆಯ ಸಣ್ಣ ಕಡ್ಡಿ ಸ್ಲೈಡಿನ ತೂತಿನಲ್ಲಿ ಸುಮ್ಮನೆ ಹಿಂದೆ ಮುಂದೆ ಆಡುತ್ತಿರುತ್ತದೆ. ಸ್ಲೈಡನ್ನು ಬಿಚ್ಚಿ, ಸೇಫ್ಟಿಯನ್ನು ಕೆಳಗಿಳಿಸಿ, ಕಿವಿಯ ಹತ್ತಿರ ಅಲ್ಲಾಡಿಸಿ. ಕಟಕಟ ಸದ್ದು ಬರಬೇಕು. ಬರದಿದ್ದರೆ ಒಳಗೆ ದಾಸ್ತಾನಿನ ಕಾಲದ ಗ್ರೀಸು ಗಟ್ಟಿಯಾಗಿದೆ. ಹೊರಗೆಲ್ಲ ಪಳಪಳ ಹೊಳೆಯುವ ಹಾಗೆ ಒರೆಸಿಟ್ಟ ಪಿಸ್ತೂಲಿನಲ್ಲೂ ಈ ತೂತಿನಲ್ಲಿ ಬೆಲ್ಲದ ಪಾಕದಂಥ ಕಂದು ಅಂಟು ಉಳಿದಿರುತ್ತದೆ, ಚಳಿಯಲ್ಲಿ ಇನ್ನೂ ಬಿಗಿಯುತ್ತದೆ.

ಇದನ್ನು ಬರೀ ಠುಸ್ ಎನ್ನುವ ದೋಷವೆಂದು ಹಗುರಾಗಿ ತೆಗೆದುಕೊಳ್ಳಬೇಡಿ. ಪಿನ್ ಹಿಂದೆ ಅಂಟಿಕೊಂಡರೆ ಹೊಡೆತ ಸಾಲದು, ಅಷ್ಟೆ. ಮುಂದೆ ಅಂಟಿಕೊಂಡರೆ ಸ್ಲೈಡ್ ಮುಚ್ಚುವಾಗಲೇ ಕೇಪಿಗೆ ಚುಚ್ಚಿ, ಬೆರಳು ಟ್ರಿಗರಿನ ಹತ್ತಿರವಿಲ್ಲದಿದ್ದರೂ ಈಡು ಹಾರುತ್ತದೆ.

ಬಿಚ್ಚುವ ಕ್ರಮ: ಸ್ಲೈಡ್ ಕೈಯಲ್ಲಿರುವಾಗ ಸೇಫ್ಟಿಯನ್ನು ಮೇಲಿನ ನಿಲುಗಡೆಗಿಂತಲೂ ಮೇಲಕ್ಕೆತ್ತಿ ಎಡಕ್ಕೆ ಎಳೆದರೆ ಹೊರಬರುತ್ತದೆ, ಪಿನ್ ಹಿಂದಿನಿಂದ ಜಾರುತ್ತದೆ. ಜಾರದಿದ್ದರೆ ಹೇರ್ ಡ್ರೈಯರಿನಿಂದ ಸ್ಲೈಡಿನ ಹಿಂಭಾಗವನ್ನು ಬೆಚ್ಚಗೆ ಮಾಡಿ. ಪಿನ್ನಿನ ಹಿಂತುದಿಯ ಕಚ್ಚು ಯಾವ ಕಡೆಗಿತ್ತು ಎಂದು ತೆಗೆಯುವಾಗಲೇ ಫೋಟೊ ತೆಗೆದಿಡಿ. ಮಿನರಲ್ ಸ್ಪಿರಿಟಿನಲ್ಲಿ ಅರ್ಧ ಗಂಟೆ ನೆನೆಸಿ, ನೈಲಾನ್ ಬ್ರಷ್ ಹಾಕಿ, ಹತ್ತಿ ಕಡ್ಡಿ ಬೆಳ್ಳಗೆ ಹೊರಬರುವ ತನಕ ತೂತನ್ನು ಉಜ್ಜಿ. ಪೆಟ್ರೋಲ್ ಬೇಡ, ಬೆಂಕಿಯ ಅಪಾಯ. ಹಿಡಿಯನ್ನು ಈ ದ್ರವದಿಂದ ದೂರವಿಡಿ. ತೂತನ್ನು ಒಣಗಿಸಿ ಹಾಗೆಯೇ ಬಿಡಿ, ಎಣ್ಣೆ ಹಾಕಬೇಡಿ. ಈಗ ಹಾಕುವ ಎಣ್ಣೆಯೇ ನಾಳೆಯ ಅಂಟು.

ಎಲ್ಲ ಶುಚಿಯಾದ ಮೇಲೂ ಒಂದನ್ನು ಕಂಡು ಗಾಬರಿಯಾಗಬೇಡಿ. ಕೋಣೆಗೆ ಹೋಗಿ ಸಿಡಿಯದೆ ವಾಪಸ್ ಬಂದ ತೋಟಾದ ಕೇಪಿನ ಮೇಲೆ ಸೂಜಿಮೊನೆಯಷ್ಟು ಚುಕ್ಕೆ ಇರುತ್ತದೆ. ಸ್ಪ್ರಿಂಗಿಲ್ಲದ ಪಿನ್ ತನ್ನ ತೂಕಕ್ಕೆ ಮುಂದೆ ಬಂದು ಮುಟ್ಟಿದ ಗುರುತು ಅದು. ಒಂದೇ ತೋಟಾವನ್ನು ಮತ್ತೆ ಮತ್ತೆ ಕೋಣೆಗೆ ಹಾಕಿ ತೆಗೆಯುವುದನ್ನು ಮಾತ್ರ ಬಿಡಿ.

ಪಿನ್ ಸಡಿಲವಾಗಿ ಆಡುತ್ತಿದೆ, ಗುಳಿ ಇನ್ನೂ ತೇಲಿದೆ ಎಂದರೆ ಮೂಲ ಚಪ್ಪಟೆ ಸ್ಪ್ರಿಂಗ್ ವಾಪಸ್ ಹಾಕಿ. ಹ್ಯಾಮರ್ ಇಳಿಸಿರಿ, ಹಿಡಿಯ ಸ್ಕ್ರೂ ತೆಗೆದು ಹಿಡಿಯನ್ನು ಹಿಂದಕ್ಕೆಳೆಯಿರಿ, ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಅದರ ಪಟ್ಟಿ-ಬೀಗವನ್ನು ಕೆಳಕ್ಕೆ ಜಾರಿಸಿ. ಹಾಕುವಾಗ ಸ್ಪ್ರಿಂಗಿನ ತೂತು ಫ್ರೇಮಿನ ಗುಬುಟಿನ ಮೇಲೆ ಕೂತಿದೆಯೆ, ಅಗಲ ಪಟ್ಟಿ ಹ್ಯಾಮರಿನ ಮೇಲಿದೆಯೆ, ಸಣ್ಣ ಪಟ್ಟಿ ಟ್ರಿಗರ್ ಬಾರಿನ (ಟ್ರಿಗರಿನಿಂದ ಹಿಂದಕ್ಕೆ ಹೋಗುವ ಸರಳು) ಹಿಂತುದಿಯ ಮೇಲಿದೆಯೆ ಎಂದು ಮೂರನ್ನೂ ನೋಡಿ. ಮತ್ತೆ ಪೆನ್ಸಿಲ್ ಹಾರಿಸಿ. ಹಗುರ ಸ್ಪ್ರಿಂಗಿನಲ್ಲಿ ಹಾರಿದ ಎತ್ತರಕ್ಕೂ ಇದಕ್ಕೂ ಇರುವ ವ್ಯತ್ಯಾಸವೇ ನೀವು ಕಳೆದುಕೊಂಡಿದ್ದ ಹೊಡೆತ.

ರಷ್ಯಾದ ಸ್ಟೀಲ್ ಕೇಸಿನ ತೋಟಾಗಳ ಕೇಪು ಗಡಸು. ಹಗುರ ಸ್ಪ್ರಿಂಗ್ ಮೊದಲು ಸೋಲುವುದು ಅವುಗಳ ಮುಂದೆ. 2021ರ ಸೆಪ್ಟೆಂಬರಿನಿಂದ ರಷ್ಯಾದ ತೋಟಾಗಳಿಗೆ ಹೊಸ ಆಮದು ಪರವಾನಗಿಯನ್ನು ಅಮೆರಿಕ ನಿಲ್ಲಿಸಿದೆ, ಈಗ ಸಿಗುವುದು ಹೆಚ್ಚಾಗಿ ಹಿತ್ತಾಳೆ ಕೇಸಿನವು. ಹಿತ್ತಾಳೆಯದರಲ್ಲಿ ಚೆನ್ನಾಗಿ ನಡೆದ ಸ್ಪ್ರಿಂಗ್ ಹಳೆಯ ಸ್ಟೀಲ್ ಡಬ್ಬಿ ತೆರೆದ ದಿನ ಕೈಕೊಟ್ಟರೆ ಕಾರಣ ಇದೇ. ಸ್ಪ್ರಿಂಗಿನ ಅಂಚನ್ನು ಅರದಿಂದ ತೇದು ಕಿರಿದು ಮಾಡುವ ಉಪಾಯವನ್ನಂತೂ ಮರೆತುಬಿಡಿ. ಅರದ ಗೀರು ಬಿದ್ದಲ್ಲೇ ಬಿರುಕು ಹುಟ್ಟುತ್ತದೆ.

ಇನ್ನೊಂದು ಬಗೆ: ಮೊದಲ ಹೊಡೆತಕ್ಕೆ ಠುಸ್, ಎರಡನೆಯದಕ್ಕೆ ಢಂ. ಸ್ಲೈಡ್ ಪೂರ್ತಿ ಮುಚ್ಚಿರಲಿಲ್ಲ. ಮೊದಲ ಹೊಡೆತದ ಬಲವೆಲ್ಲ ಅದನ್ನು ಮುಂದಕ್ಕೆ ತಳ್ಳುವುದಕ್ಕೇ ಖರ್ಚಾಯಿತು. ಇದಕ್ಕೆ ಕೆಳಗೆ ಬಣ್ಣದ ವಿಚಾರ ನೋಡಿ.

ಟ್ರಿಗರ್ ಮುಂದಕ್ಕೆ ಮರಳುತ್ತಿಲ್ಲ

ಹೊಸ ಹಿಡಿ ಹಾಕಿದ ಮೇಲೆ ಶುರುವಾಯಿತೆ? ಹಾಗಾದರೆ ಬೇರೆಲ್ಲೂ ಹುಡುಕಬೇಡಿ. ಟ್ರಿಗರಿನಿಂದ ಹಿಂದಕ್ಕೆ ಹೋಗುವ ಬಾರು ಫ್ರೇಮಿನ ಬಲಬದಿಯಲ್ಲಿ, ಹಿಡಿಯ ಗೋಡೆಗೆ ಅಂಟಿದಂತೆ ಓಡಾಡುತ್ತದೆ. ದಪ್ಪ ಮರದ ಹಿಡಿಯ ಒಳಮೈ ಅದನ್ನು ಒತ್ತಿ ಹಿಡಿಯುತ್ತದೆ. ಸ್ಕ್ರೂವನ್ನು ಅರ್ಧ ಸುತ್ತು ಸಡಿಲಿಸಿ, ಟ್ರಿಗರ್ ಸರಿಹೋದರೆ ಅನುಮಾನ ಗಟ್ಟಿ.

ಒತ್ತುವ ಜಾಗ ಹುಡುಕಲು ಬಾರಿನ ಹೊರಮೈಗೆ ದಪ್ಪ ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ. ಒಣಗುವ ಮೊದಲೇ ಹಿಡಿ ಹಾಕಿ, ಡಮ್ಮಿ ತೋಟಾ ಇಟ್ಟು ಹತ್ತು ಸಲ ಟ್ರಿಗರ್ ಎಳೆದು ಬಿಚ್ಚಿ. ಹಿಡಿಯ ಒಳಗೆ ಮಸಿ ಮೆತ್ತಿದ ಜಾಗವೇ ತೆಗೆಯಬೇಕಾದದ್ದು. 180 ನಂಬರಿನ ಪೇಪರಿನಿಂದ ಅರ್ಧ ಮಿಲಿಮೀಟರಿನಷ್ಟು ಉಜ್ಜಿ ಮತ್ತೆ ಮಸಿ ಪರೀಕ್ಷೆ. ಒಂದೇ ಸಲ ಆಳಕ್ಕೆ ತೆಗೆದರೆ ಬಾರು ಹೊರಗೆ ವಾಲುತ್ತದೆ. ಅದನ್ನು ಜಾಗದಲ್ಲಿ ಇಡುವ ಕೆಲಸವೂ ಆ ಗೋಡೆಯದೇ.

ಹಿಡಿ ಬಿಚ್ಚಿ, ಬಾರು ಜಾರದಂತೆ ಬೆರಳಿನಲ್ಲಿ ತಡೆದು ನೋಡಿದಾಗಲೂ ಟ್ರಿಗರ್ ಮರಳದಿದ್ದರೆ ಚಪ್ಪಟೆ ಸ್ಪ್ರಿಂಗಿನ ಸಣ್ಣ ಪಟ್ಟಿ ತನ್ನ ಜಾಗದಲ್ಲಿ ಕೂತಿಲ್ಲ, ಇಲ್ಲವೆ ಸೋತಿದೆ.

ನುಣುಪಿಗಾಗಿ ಉಜ್ಜಲೇಬೇಕೆಂದರೆ ಬಾರಿನ ಪಕ್ಕದ ಮೈಯನ್ನು 1000 ನಂಬರಿನ ನೀರು ಪೇಪರಿನಿಂದ, ಆಮೇಲೆ 2000ದಿಂದ ಉಜ್ಜಿ. ಯಂತ್ರದ ಗೀರು ಮಾಸಿದರೆ ಸಾಕು, ಆಕಾರ ಬದಲಾಗಬಾರದು.

ಒಂದೇ ಎಳೆತಕ್ಕೆ ಎರಡು ಈಡು ಹಾರಿದರೆ ಮುಂದಿನ ಪ್ರಯೋಗವೇ ಬೇಡ. ಮ್ಯಾಗಜೀನ್ ತೆಗೆದು, ಖಾಲಿ ಮಾಡಿ, ಲೈಸೆನ್ಸಿರುವ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಈ ಕಾರಣಕ್ಕೇ ಏನನ್ನು ಬದಲಿಸಿದರೂ ಮೊದಲು ಒಂದೇ ತೋಟಾ, ನಂತರ ಎರಡು, ಆಮೇಲಷ್ಟೇ ತುಂಬಿದ ಮ್ಯಾಗಜೀನು.

ಸ್ಲೈಡ್ ಅರ್ಧಕ್ಕೆ ನಿಲ್ಲುತ್ತಿದೆ, ಖಾಲಿ ಕೇಸು ಸಿಕ್ಕಿಕೊಳ್ಳುತ್ತಿದೆ

ಮಕಾರೋವಿಗೆ ಬೀಗದ ಗೊಡವೆ ಇಲ್ಲ. ಈಡು ಹಾರುವಾಗ ಸ್ಲೈಡನ್ನು ಮುಚ್ಚಿ ಹಿಡಿಯುವುದು ಅದರ ತೂಕ, ನಳಿಗೆಯ ಸುತ್ತಲಿನ ಸ್ಪ್ರಿಂಗ್ ಮತ್ತು ಹ್ಯಾಮರಿನ ಒತ್ತಡ. ಹ್ಯಾಮರ್ ಸ್ಪ್ರಿಂಗ್ ಹಗುರ ಮಾಡಿದವರು ಸರಿದೂಗಿಸಲೆಂದು ನಳಿಗೆಯ ಸ್ಪ್ರಿಂಗನ್ನು ಗಡಸು ಮಾಡುತ್ತಾರೆ. ಮೂಲದ್ದು 17 ಪೌಂಡ್, ಅಂದರೆ ಸುಮಾರು 7.7 ಕೆ.ಜಿ., ಅದರ ಬದಲಿಗೆ 19 ಪೌಂಡಿನದು. ಲೆಕ್ಕ ಸರಿ. ಆದರೆ ಮೆದು ತೋಟಾ ಸಿಕ್ಕಾಗ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ.

ಮ್ಯಾಗಜೀನಿನಲ್ಲಿ ಒಂದೇ ತೋಟಾ ಹಾಕಿ ಹೊಡೆಯಿರಿ. ಸ್ಲೈಡ್ ಹಿಂದೆ ಹೋಗಿ ನಿಂತರೆ ಓಟ ಪೂರ್ತಿಯಾಗಿದೆ. ಐದು ಸಲ ಹೀಗೆ ಮಾಡಿ, ಐದೂ ಸಲ ನಿಲ್ಲಬೇಕು. ನಿಲ್ಲದೆ ಮುಚ್ಚಿದರೆ, ಅಥವಾ ಖಾಲಿ ಕೇಸು ಒಲೆಯ ಕೊಳವೆಯಂತೆ ಕಿಂಡಿಯಲ್ಲಿ ನೆಟ್ಟಗೆ ಸಿಕ್ಕಿಕೊಂಡರೆ 17 ಪೌಂಡಿನದನ್ನು ವಾಪಸ್ ಹಾಕಿ. ಕೇಸು ಕಾಲಬುಡದಲ್ಲೇ ಉದುರುವುದೂ ಇದರದೇ ಲಕ್ಷಣ, ಸರಿಯಿದ್ದಾಗ ಅದು ಎರಡು ಮೂರು ಮಾರು ದೂರ ಹಾರಬೇಕು.

ಸ್ಪ್ರಿಂಗಿನ ಒಂದು ತುದಿಯ ಸುತ್ತು ಕಿರಿದಾಗಿರುತ್ತದೆ. ಆ ತುದಿ ನಳಿಗೆಗೆ ಮೊದಲು ಹೋಗಿ ಫ್ರೇಮಿನ ಕಡೆ ಕೂರಬೇಕು. ತಿರುಗಾಮುರುಗ ಹಾಕಿದರೂ ಪಿಸ್ತೂಲು ಜೋಡಣೆಯಾಗುತ್ತದೆ, ಆಮೇಲೆ ತೊಡರುತ್ತದೆ.

ಕೇಸು ಹೊರಗೇ ಬರುತ್ತಿಲ್ಲವೆಂದರೆ ಅದನ್ನು ಕೋಣೆಯಿಂದ ಎಳೆಯುವ ಎಕ್ಸ್‌ಟ್ರ್ಯಾಕ್ಟರ್ ನೋಡಿ. ಬಿಚ್ಚಿದ ಸ್ಲೈಡಿನಲ್ಲಿ ಅದರ ಕೊಕ್ಕೆಯಡಿ ಡಮ್ಮಿ ತೋಟಾ ಸಿಕ್ಕಿಸಿ ಮೆಲ್ಲಗೆ ಅಲ್ಲಾಡಿಸಿ, ಬೀಳಬಾರದು. ಬಿದ್ದರೆ ಕೊಕ್ಕೆಯ ಹಿಂದೆ ಗ್ರೀಸು ತುಂಬಿದೆ, ಇಲ್ಲವೆ ಅದರ ಪುಟ್ಟ ಸ್ಪ್ರಿಂಗ್ ಸತ್ತಿದೆ. ಬಿಚ್ಚುವಾಗ ಇಡೀ ಸ್ಲೈಡನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗಿಟ್ಟು ಕೈ ಒಳಗೆ ಹಾಕಿ ಮಾಡಿ. ಸ್ಪ್ರಿಂಗ್ ತಳ್ಳಿ ಹಾರಿಸಿದ ಪ್ಲಂಜರನ್ನು (ಕೊಕ್ಕೆಯನ್ನು ಒತ್ತುವ ಪುಟ್ಟ ಕಡ್ಡಿ) ಕಾರ್ಪೆಟ್ಟಿನಲ್ಲಿ ಹುಡುಕುವ ಸಂಜೆ ಯಾರಿಗೂ ಬೇಡ.

ಬಣ್ಣ ಹೊಡೆಸಿದ ನಂತರ ಸ್ಲೈಡ್ ಪೂರ್ತಿ ಮುಚ್ಚದಿರುವುದು ಬೇರೆ ಕತೆ. ಒಲೆಯಲ್ಲಿ ಕಾಯಿಸುವ ಸೆರಾಮಿಕ್ ಬಣ್ಣದ ಒಂದು ಲೇಪವೇ ಸುಮಾರು 0.025 ಮಿ.ಮೀ. ದಪ್ಪ. ಸ್ಲೈಡಿನ ಗಾಡಿಯೊಳಗೆ (ಅದು ಫ್ರೇಮಿನ ಮೇಲೆ ಜಾರುವ ಉದ್ದ ಕೊರಕಲು) ಎರಡೂ ಬದಿಗೆ ಬಿದ್ದರೆ ಸಡಿಲಿದ್ದದ್ದು ಬಿಗಿಯಾಗುತ್ತದೆ. ಸ್ಪ್ರಿಂಗ್ ತೆಗೆದು ಬರೀ ಸ್ಲೈಡನ್ನು ಫ್ರೇಮಿನ ಮೇಲಿಟ್ಟು ಓರೆ ಮಾಡಿ, ತನ್ನ ತೂಕಕ್ಕೇ ಜಾರಬೇಕು. ನಿಂತಲ್ಲಿ ಬಣ್ಣ ಮಿರುಗುತ್ತಿರುತ್ತದೆ. ಅಲ್ಲಿಂದ ಬಣ್ಣವನ್ನಷ್ಟೇ ತೆಗೆಯಿರಿ, ಲೋಹವನ್ನಲ್ಲ. ಬಣ್ಣ ಹೊಡೆಯುವ ಮುನ್ನ ಗಾಡಿ, ನಳಿಗೆಯ ಕೋಣೆ, ಫೈರಿಂಗ್ ಪಿನ್ನಿನ ತೂತು, ಸೇಫ್ಟಿ ಕೂರುವ ಗುಂಡಿ ಇವಿಷ್ಟಕ್ಕೆ ಟೇಪು, ಬಿರಡೆ ಹಾಕಿದ್ದರೆ ಈ ಪರಿಚ್ಛೇದ ಓದುವ ಅಗತ್ಯವೇ ಬರುತ್ತಿರಲಿಲ್ಲ.

ಕೊನೆಯ ಈಡಿನ ನಂತರ ಸ್ಲೈಡ್ ತೆರೆದು ನಿಲ್ಲುತ್ತಿಲ್ಲ

ಕೈಯಿಂದ ಎಳೆದಾಗ ಖಾಲಿ ಮ್ಯಾಗಜೀನಿನ ಮೇಲೆ ನಿಲ್ಲುತ್ತದೆ, ಹೊಡೆದಾಗ ಮಾತ್ರ ಇಲ್ಲ ಎಂದರೆ ಮೇಲೆ ಹೇಳಿದ ಗಡಸು ಸ್ಪ್ರಿಂಗ್, ಇಲ್ಲವೆ ಸೋತ ಮ್ಯಾಗಜೀನ್ ಸ್ಪ್ರಿಂಗ್. ಎರಡನೆಯ ಮ್ಯಾಗಜೀನ್ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಕೈಯಿಂದ ಎಳೆದರೂ ನಿಲ್ಲದಿದ್ದರೆ ಮ್ಯಾಗಜೀನಿನೊಳಗೆ ತೋಟಾಗಳನ್ನು ಮೇಲಕ್ಕೆ ಎತ್ತುವ ತಟ್ಟೆಯ ಹಲ್ಲು ಸವೆದಿದೆಯೆ, ಸಿಯರಿನ ಸ್ಪ್ರಿಂಗ್ ಸ್ಲೈಡ್ ಸ್ಟಾಪಿನ (ಸ್ಲೈಡನ್ನು ತೆರೆದು ಹಿಡಿಯುವ ತಡೆ) ಮೇಲೆ ತಪ್ಪಾಗಿ ಕೂತಿದೆಯೆ ನೋಡಿ. ಸ್ಲೈಡ್ ಸ್ಟಾಪಿನ ಹಿಂತುದಿಯೇ ಖಾಲಿ ಕೇಸನ್ನು ಹೊರಗೆ ಹಾರಿಸುವ ಎಜೆಕ್ಟರ್ ಕೂಡ. ಅದು ಬಾಗಿದ್ದರೆ ಎರಡು ದೋಷ ಒಟ್ಟಿಗೇ ಬರುತ್ತವೆ.

ಹೊಡೆಯುವಾಗ ಮ್ಯಾಗಜೀನ್ ಕಳಚುತ್ತಿದೆ

ಮ್ಯಾಗಜೀನಿನ ಕಚ್ಚು ಚಪ್ಪಟೆ ಸ್ಪ್ರಿಂಗಿನ ಕೆಳತುದಿ ಎಂದು ಮೊದಲೇ ಹೇಳಿದೆ. ಹಗುರ ಸ್ಪ್ರಿಂಗಿನಲ್ಲಿ ಅದರ ಹಿಡಿತವೂ ಹಗುರ. ಖಾಲಿ ಮ್ಯಾಗಜೀನ್ ಹಾಕಿ, ಕಚ್ಚನ್ನು ಮುಟ್ಟದೆ ಬುಡ ಹಿಡಿದು ಕೆಳಕ್ಕೆ ಜಗ್ಗಿ. ಜಾರಿದರೆ ಮೂಲ ಸ್ಪ್ರಿಂಗಿನೊಂದಿಗೆ ಮತ್ತೆ ಜಗ್ಗಿ. ಆಗಲೂ ಜಾರಿದರೆ ಹೊಸ ಹಿಡಿಯ ಬುಡದ ಕಿಂಡಿ ಕಿರಿದಾಗಿ ಕಚ್ಚನ್ನು ಹಿಂದಕ್ಕೆ ಒತ್ತಿಕೊಂಡೇ ಇಟ್ಟಿದೆ. ಹಿಡಿಯಿಲ್ಲದೆ ಒಮ್ಮೆ ಜಗ್ಗಿ ನೋಡಿದರೆ ಗೊತ್ತಾಗುತ್ತದೆ. ಕಿಂಡಿಯ ಎರಡೂ ಪಕ್ಕ ಒಂದೊಂದು ಮಿಲಿಮೀಟರ್ ಅರದಿಂದ ತೆಗೆದರೆ ಕಚ್ಚು ಮುಂದೆ ಬಂದು ಟಕ್ಕೆಂದು ಕೂರುತ್ತದೆ.